ಹಾಸನದ ಆಫೀಸಿನಲ್ಲಿರುವ ಪ್ರಾಕ್ಸ್‌ಮಾಕ್ಸ್ (ಒಂದು ಸರ್ವರ್‌ನಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ ಅಂದರೆ ವಿಎಂ ಓಡಿಸುವ ತಂತ್ರಾಂಶ) ವಿಎಂ ಕನ್ಸೋಲ್, ಅಂದರೆ ಬ್ರೌಸರ್‌ನಲ್ಲಿ ಕಾಣುವ ಅದರ ಪರದೆ, ಚಿಕ್ಕಮಗಳೂರಿನ ಮನೆಯಿಂದ ತೆರೆದರೆ ಪದೇಪದೇ ಕಟ್ ಆಗುತ್ತೆ, ಸುಮ್ಮನೆ ಬಿಟ್ಟರೆ ಸರಿಯಾಗಿ ಒಂದು ನಿಮಿಷಕ್ಕೆ. ಯಾಕೆ?

ಮಳೆ ಬಂದರೆ ಘಟ್ಟದ ಕಡೆ ಲೈನ್ ಹೋಗೋದು ಇದ್ದದ್ದೇ. ಆದರೆ ನೀವು ಆಫೀಸಿನ ಎಂಜಿನ್‌ಎಕ್ಸ್ (ನಡುವೆ ನಿಂತು ಸಂಪರ್ಕ ದಾಟಿಸುವ ವೆಬ್ ಸರ್ವರ್) ಮೂಲಕ ಬರ್ತೀರಿ, ಸುಮ್ಮನೆ ಬಿಟ್ಟರೆ ಸರಿಯಾಗಿ ಒಂದು ನಿಮಿಷಕ್ಕೆ ಕಟ್ ಆಗುತ್ತೆ ಅಂದಿದ್ದೀರಲ್ಲ, ಅದು ಲೈನಿನ ತಪ್ಪಲ್ಲ. ಎಂಜಿನ್‌ಎಕ್ಸ್‌ನಲ್ಲಿ ಪ್ರಾಕ್ಸಿ ರೀಡ್ ಟೈಮ್‌ಔಟ್ (ಡೇಟಾ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು ಅನ್ನೋ ಮಿತಿ) ಮೊದಲಿನಿಂದಲೇ 60 ಸೆಕೆಂಡ್ ಇರುತ್ತೆ. ಪರದೆಯಲ್ಲಿ ಏನೂ ಕದಲದಿದ್ದರೆ ಪ್ರಾಕ್ಸ್‌ಮಾಕ್ಸ್ ಕಡೆಯಿಂದ ಡೇಟಾ ಬರಲ್ಲ, ಎಂಜಿನ್‌ಎಕ್ಸ್ ಸಂಪರ್ಕ ಮುಚ್ಚಿಬಿಡುತ್ತೆ. ಕನ್ಸೋಲ್‌ನಲ್ಲಿ 'ಟಾಪ್' (ಪರದೆಯನ್ನು ಆಗಾಗ ಬದಲಿಸುತ್ತಾ ಇರುವ ಲಿನಕ್ಸ್ ಕಮಾಂಡ್) ಓಡಿಸಿ ಬಿಡಿ. ಆಗ ಕಟ್ ಆಗದಿದ್ದರೆ ಕಳ್ಳ ಸಿಕ್ಕ ಹಾಗೆ. ಟೈಮ್‌ಔಟನ್ನು 3600 ಸೆಕೆಂಡಿಗೆ ಏರಿಸಿ.

ಆಗಲೂ ಕಟ್ ಆದರೆ ವಿಪಿಎನ್ ಹಾಕಿಕೊಂಡು ನೇರ ಪ್ರಾಕ್ಸ್‌ಮಾಕ್ಸ್‌ನ 8006 ಪೋರ್ಟಿಗೆ ಹೋಗಿ ನೋಡಿ. ಹೇಗೂ ಆ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡೋದು ನನಗಂತೂ ಸರಿ ಕಾಣಲ್ಲ. ಪಿಂಗ್ ಬರುತ್ತೆ, ಕನ್ಸೋಲ್ ಮಾತ್ರ ಕಪ್ಪಾಗಿ ನಿಲ್ಲುತ್ತೆ ಅಂದರೆ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಅನ್ನೋ ಮಿತಿ) ಮೇಲೆ ಅನುಮಾನ ಪಡಿ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ) ಫೈಬರ್ ಮೇಲೆ ವೈರ್‌ಗಾರ್ಡ್ ಅನ್ನೋ ವಿಪಿಎನ್ ಇದ್ದರೆ 1420ರ ಬದಲು 1412 ಕೊಡಿ.

ಕ್ಲಸ್ಟರ್‌ನ (ಒಟ್ಟಿಗೆ ಜೋಡಿಸಿದ ಸರ್ವರ್‌ಗಳ ಗುಂಪಿನ) ಇನ್ನೊಂದು ನೋಡ್‌ನಲ್ಲಿರುವ, ಅಂದರೆ ಇನ್ನೊಂದು ಸರ್ವರ್‌ನಲ್ಲಿರುವ ವಿಎಂಗಳ ಕನ್ಸೋಲ್ ಮಾತ್ರ ತೆರೆಯದಿದ್ದರೆ ನೋಡ್‌ಗಳ ನಡುವಿನ ಎಸ್‌ಎಸ್‌ಎಚ್ ಕೀ (ಸರ್ವರ್‌ಗಳು ಒಂದನ್ನೊಂದು ಗುರುತಿಸುವ ಕೀಲಿ) ಕೆಟ್ಟಿರಬಹುದು. 'ಪಿವಿಇಸಿಎಂ ಅಪ್‌ಡೇಟ್‌ಸರ್ಟ್ಸ್' (pvecm updatecerts) ಕಮಾಂಡ್ ಓಡಿಸಿ.