ಕಾಲಲ್ಲಿ ಚಕ್ರ ಇದ್ದವರಿಗೆ ಔಷಧಿ ಬೇಕಾ?

ನೀವು ಕೇಳಿದ್ದು ಇದು: ಹಾವೇರಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ್ದೀರಿ. ಕೆಲಸ ಚೆನ್ನಾಗಿದೆ, ಮನೆಯಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ಎರಡು ಮೂರು ತಿಂಗಳು ಕಳೆಯುತ್ತಿದ್ದಂತೆ ಎಲ್ಲಿಗಾದರೂ ಹೊರಟುಬಿಡಬೇಕು ಅನ್ನಿಸುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಅತ್ತೆಯವರು "ಇವಳ ಕಾಲಲ್ಲಿ ಚಕ್ರ ಇದೆ" ಅನ್ನುತ್ತಾರೆ. ಇದು ಮನಸ್ಸಿನ ದೋಷವಾ, ಇದಕ್ಕೆ ಏನಾದರೂ ಮಾಡಬೇಕಾ?

ಖಂಡಿತ ದೋಷ ಅಲ್ಲ. ಮಾಡಬೇಕಾದ್ದೇನು ಅಂದರೆ, ಹೊರಡಬೇಕು. ಎಲ್ಲಿಗೆ, ಹೇಗೆ ಅನ್ನುವುದರಲ್ಲಿ ಮಾತ್ರ ಸ್ವಲ್ಪ ವಿಚಾರ ಬೇಕು. ನಾನು ವಿಜಯಪುರ ಕಡೆಯವನು, ಪುಣೆಗೆ ಬಂದು ಬಹಳ ವರ್ಷಗಳಾದವು. ನೀವು ಹೇಳಿದ ಚಡಪಡಿಕೆ ನನಗೂ ಚೆನ್ನಾಗಿ ಗೊತ್ತು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಹಕ್ಕಿಗಳ ವಿಷಯ. ಚಳಿಗಾಲದಲ್ಲಿ ಭಿಗವಣಕ್ಕೆ ಹೋಗಿದ್ದೀರಾ? ಪುಣೆಯಿಂದ ಸೋಲಾಪುರ ರಸ್ತೆಯಲ್ಲಿ ಸುಮಾರು 100 ಕಿ.ಮೀ. ಉಜನಿ ಅಣೆಕಟ್ಟಿನ ಹಿನ್ನೀರು ಅಲ್ಲಿ ಹರಡಿಕೊಂಡಿದೆ. ರಾಜಹಂಸಗಳು ಬರುತ್ತವೆ, ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಬರುತ್ತವೆ. ರಾತ್ರಿ ಹೊತ್ತು ವಲಸೆ ಹೋಗುವ ಸಣ್ಣ ಹಕ್ಕಿಗಳನ್ನು ಪಂಜರದಲ್ಲಿ ಸಾಕಿದರೂ, ಹೊರಡುವ ಕಾಲ ಬಂದಾಗ ಅವು ರಾತ್ರಿ ನಿದ್ದೆ ಬಿಟ್ಟು ಕುಪ್ಪಳಿಸುತ್ತವೆ. 1966ರಲ್ಲಿ ಸ್ಟೀಫನ್ ಎಮ್ಲನ್ ಎಂಬ ಅಮೆರಿಕದ ವಿಜ್ಞಾನಿ ತಮ್ಮ ತಂದೆಯ ಜೊತೆ ಸೇರಿ ಇದನ್ನು ಅಳೆಯಲು ಒಂದು ಸರಳ ಸಾಧನ ಮಾಡಿದರು. ಒತ್ತು ಕಾಗದವನ್ನು ಆಲಿಕೆಯ ಆಕಾರಕ್ಕೆ ಸುತ್ತುವುದು, ತಳದಲ್ಲಿ ಶಾಯಿಯ ಪ್ಯಾಡ್ ಇಡುವುದು, ಮೇಲೆ ಜಾಲರಿ ಮುಚ್ಚುವುದು. ಒಳಗಿನ ಹಕ್ಕಿ ಹಾರಲು ನೋಡಿದಾಗಲೆಲ್ಲ ಅದರ ಕಾಲಿನ ಶಾಯಿ ಕಾಗದಕ್ಕೆ ಅಂಟುತ್ತದೆ. ಬೆಳಗ್ಗೆ ಕಾಗದ ಬಿಚ್ಚಿ ನೋಡಿದರೆ ಹೆಜ್ಜೆಗಳೆಲ್ಲ ಒಂದೇ ಬದಿಗೆ ದಟ್ಟವಾಗಿರುತ್ತವೆ. ಚಳಿಗಾಲಕ್ಕೆ ಮುಂಚೆ ದಕ್ಷಿಣಕ್ಕೆ, ವಸಂತದಲ್ಲಿ ಉತ್ತರಕ್ಕೆ. ಊಟ ಇದೆ, ನೀರಿದೆ, ಬೆಕ್ಕಿನ ಭಯವೂ ಇಲ್ಲ. ಆದರೂ ಹೋಗಬೇಕು.

ಮನುಷ್ಯನ ಮೈಯಲ್ಲೂ ಇಂಥದ್ದೇ ಗಡಿಯಾರ ಇದೆ ಅಂತ ನಾನು ಹೇಳುತ್ತಿಲ್ಲ. ಹಕ್ಕಿಗೆ ದಿಕ್ಕು ಗೊತ್ತು, ನಮಗೆ ಚಡಪಡಿಕೆ ಮಾತ್ರ ಗೊತ್ತು. ಆದರೆ ಲೆಕ್ಕ ಹಾಕಿ ನೋಡಿ. ನಮ್ಮಂಥ ಮನುಷ್ಯರು ಭೂಮಿಯ ಮೇಲೆ ಓಡಾಡಲು ಶುರುಮಾಡಿ ಸುಮಾರು 3 ಲಕ್ಷ ವರ್ಷ ಆಯಿತು. ಬೇಸಾಯ ಮಾಡಿ ಒಂದು ಕಡೆ ಮನೆ ಕಟ್ಟಿಕೊಂಡು ಕೂತಿದ್ದು ಹೆಚ್ಚೆಂದರೆ 12,000 ವರ್ಷಗಳಿಂದ ಈಚೆಗೆ. ಉಳಿದ ಕಾಲವೆಲ್ಲ ಗೆಡ್ಡೆ, ಹಣ್ಣು, ಬೇಟೆ ಹುಡುಕುತ್ತ ನಡೆದದ್ದೇ. ಬಾಡಿಗೆ ಕರಾರು, ಗೃಹಸಾಲ, ಒಂದೇ ಆಫೀಸಿಗೆ ಒಂದೇ ದಾರಿ, ಇವೆಲ್ಲ ನಿನ್ನೆ ಮೊನ್ನೆಯವು. ಕೂರಲಾಗದಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ?

ಅಲೆದಾಟಕ್ಕೆ ಒಂದು ವಂಶವಾಹಿ ಇದೆ ಅನ್ನುವ ಸುದ್ದಿಯನ್ನು ನೀವೂ ಎಲ್ಲೋ ಓದಿರಬಹುದು. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹಿಡಿದುಕೊಳ್ಳುವ ಒಂದು ಭಾಗಕ್ಕೆ ಸಂಬಂಧಪಟ್ಟ ವಂಶವಾಹಿ ಅದು, ಹೆಸರು ಡಿಆರ್‌ಡಿ4. ಅದರ ಉದ್ದನೆಯ ರೂಪ ದೂರ ವಲಸೆ ಹೋದ ಜನಗಳಲ್ಲಿ ಜಾಸ್ತಿ ಕಾಣುತ್ತದೆ ಅಂತ 1999ರಲ್ಲಿ ಒಂದು ಅಧ್ಯಯನ ಬಂತು. ಅದು ಇಡೀ ಜನಸಮೂಹಗಳ ಲೆಕ್ಕ. ಅದನ್ನು ಹಿಡಿದುಕೊಂಡು ನಿಮ್ಮ ಬಗ್ಗೆ, ನನ್ನ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ. ಆ ವಿಷಯ ಅಷ್ಟಕ್ಕೇ ಬಿಡಿ.

ನನಗೆ ಇದಕ್ಕಿಂತ ಹೆಚ್ಚು ತಿಳಿಸಿಕೊಟ್ಟವರು ಇಲ್ಲಿನ ಕುರಿಗಾಹಿಗಳಾದ ಧನಗರರು. ದೀಪಾವಳಿ ಆದ ಮೇಲೆ ಪುಣೆಯಿಂದ ಕೊಂಕಣಕ್ಕೆ ಇಳಿಯುವ ಘಾಟ್ ರಸ್ತೆಗಳಲ್ಲಿ ಅವರ ಹಿಂಡು ಸಿಗುತ್ತದೆ. ಗಾಡಿ ಬದಿಗೆ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ, ಸುಮ್ನೆ ನೋಡಿ. ಮುಂದೆ ಕರಿ ಕುರಿಗಳು, ಹಿಂದೆ ಕುಳ್ಳ ಕುದುರೆಗಳು. ಒಂದು ಕುದುರೆಯ ಮೇಲೆ ಇಡೀ ಮನೆ ಇರುತ್ತದೆ: ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ಮೇಲೆ ಕಾಲು ಕಟ್ಟಿದ ಕೋಳಿ. ಬದಿಯ ಚೀಲದಿಂದ ಆಗಷ್ಟೇ ಹುಟ್ಟಿದ ಮರಿಯೊಂದು ತಲೆ ಹೊರಗೆ ಹಾಕಿ ನಿಮ್ಮನ್ನೇ ನೋಡುತ್ತಿರುತ್ತದೆ. ಕೆಳಗೆ ಭತ್ತ ಕೊಯ್ದ ಗದ್ದೆಗಳಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ. ಗದ್ದೆಗೆ ಗೊಬ್ಬರ ಆಯಿತು, ಇವರಿಗೆ ರೈತ ಕಾಳು ಕೊಡುತ್ತಾನೆ. ಮುಂಗಾರಿಗೆ ಮುಂಚೆ ಮತ್ತೆ ಘಟ್ಟ ಹತ್ತಿ ಒಣ ಸೀಮೆಗೆ ಬರಲೇಬೇಕು. ಕೊಂಕಣದ ಮಳೆಗೆ ಸಿಕ್ಕರೆ ಕುರಿಗಳ ಗೊರಸು ಕೊಳೆಯುತ್ತದೆ.

ನಮ್ಮ ಕಡೆಯ ಕುರುಬರನ್ನು ಬಲ್ಲವರಿಗೆ ಇದು ಹೊಸದಲ್ಲ. ಇವರ ಬಿರೋಬಾ ನಮ್ಮ ಬೀರಪ್ಪ, ಜೇಜುರಿಯ ಖಂಡೋಬಾ ನಮ್ಮ ಮೈಲಾರಲಿಂಗ. ಇವರ ತಿರುಗಾಟದಲ್ಲಿ ನಾನು ಗಮನಿಸಿದ್ದು ಒಂದೇ: ಅದಕ್ಕೊಂದು ಸುತ್ತು ಇದೆ. ಹೋದ ವರ್ಷ ಇಳಿದ ಘಟ್ಟವನ್ನೇ ಈ ವರ್ಷವೂ ಇಳಿಯುತ್ತಾರೆ, ಗುರುತಿನ ಗದ್ದೆಗೇ ಹೋಗುತ್ತಾರೆ. ಹೊಸ ಜಾಗ ನೋಡುವ ಹಂಬಲ ಇದಲ್ಲ. ಇದು ಹೊಟ್ಟೆಪಾಡು, ಕಷ್ಟದ ಬದುಕು, ಅದನ್ನು ಚಂದ ಮಾಡಿ ಹೇಳುವುದು ನನಗೆ ಇಷ್ಟವಿಲ್ಲ. ಆದರೂ ಹೊರಡುವ ದಿನ ಅವರ ಮುಖದಲ್ಲಿ ಕಾಣುವ ಕಳೆ ಸುಳ್ಳಲ್ಲ.

ಇನ್ನೊಂದು ಥರದ ತಿರುಗಾಟವೂ ಇದೆ, ದಿಕ್ಕುದೆಸೆ ಇಲ್ಲದ್ದು. ಅದಕ್ಕೆ ಈ ಭಾಗದಲ್ಲೇ ಓಡಾಡಿದ ಒಬ್ಬನ ಕಥೆ ಹೇಳುತ್ತೇನೆ. ಅಫನಾಸಿ ನಿಕಿತಿನ್ ಅಂತ, ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ. ವೋಲ್ಗಾ ನದಿಯಲ್ಲಿ ಸರಕು ತುಂಬಿಕೊಂಡು ಹೊರಟ. ದಾರಿಯಲ್ಲಿ ದರೋಡೆ ಆಯಿತು, ಎಲ್ಲ ಹೋಯಿತು. ಬರಿಗೈಲಿ ವಾಪಸ್ ಹೋದರೆ ಸಾಲ ಕಾದಿತ್ತು. ಅವನು ತಿರುಗಲಿಲ್ಲ. ಬಾಕು, ಪರ್ಷಿಯಾ, ಹೊರ್ಮುಜ್ ದಾಟಿ, ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು 1469ರ ಸುಮಾರಿಗೆ ಚೌಲ್ ಬಂದರಿನಲ್ಲಿ ಇಳಿದ. ಚೌಲ್ ಅಂದರೆ ಅಲಿಬಾಗ್‌ನಿಂದ ಸ್ವಲ್ಪವೇ ದೂರ, ಮುಂಬೈಯವರು ಶನಿವಾರ ಭಾನುವಾರ ಹೋಗಿ ಮೀನು ತಿಂದು ಬರುವ ಜಾಗ. ಪಕ್ಕದ ರೇವದಂಡದ ಶಾಲೆಯೊಂದರ ಆವರಣದಲ್ಲಿ ಅವನ ನೆನಪಿಗೆ ಒಂದು ಕಂಬ ನಿಲ್ಲಿಸಿದ್ದಾರೆ.

ಅಲ್ಲಿಂದ ಘಟ್ಟ ಹತ್ತಿ ನಮ್ಮ ಪುಣೆ ಜಿಲ್ಲೆಯ ಜುನ್ನರಿಗೆ ಬಂದ. ಮಳೆಗಾಲವೆಲ್ಲ ಅಲ್ಲೇ ಕಳೆಯಬೇಕಾಯಿತು. ಹಗಲು ರಾತ್ರಿ ಮಳೆ, ಎಲ್ಲೆಲ್ಲೂ ನೀರು ಕೆಸರು ಅಂತ ಬರೆದಿಟ್ಟಿದ್ದಾನೆ. ಜುನ್ನರಿನ ಖಾನ ಅವನ ಕುದುರೆಯನ್ನೇ ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆ ಅಂದ. ಖುರಾಸಾನಿನ ಒಬ್ಬ ದೊಡ್ಡ ಮನುಷ್ಯ ನಡುವೆ ಬಂದು ಬಿಡಿಸಿಕೊಟ್ಟ. ಮುಂದೆ ಆ ಕುದುರೆಯನ್ನು ಮಾರಿದ್ದು ನಮ್ಮ ಬೀದರಿನಲ್ಲಿ! ಆಗ ಬೀದರ್ ಬಹಮನಿಗಳ ರಾಜಧಾನಿ, ಮಹಮೂದ್ ಗವಾನ್ ಮಂತ್ರಿಯಾಗಿದ್ದ ಕಾಲ. ಕುದುರೆ ಮಾರಿದ ಮೇಲೂ ಅವನು ಈ ನಾಡಿನಲ್ಲಿ ಉಳಿದ, ಜಾತ್ರೆ ನೋಡಿದ, ಜನರ ಊಟ ಉಡುಪು ಎಲ್ಲ ಬರೆದುಕೊಂಡ. ತಂದ ಪುಸ್ತಕಗಳೆಲ್ಲ ದರೋಡೆಯಲ್ಲಿ ಹೋಗಿದ್ದರಿಂದ ಈಸ್ಟರ್ ಹಬ್ಬ ಯಾವತ್ತು ಅನ್ನುವುದೇ ಅವನಿಗೆ ತಿಳಿಯುತ್ತಿರಲಿಲ್ಲ. ಅಂದಾಜಿನ ಮೇಲೆ ಉಪವಾಸ ಮಾಡುತ್ತಿದ್ದ. ಅವನ ಬರಹದಲ್ಲಿ ನನ್ನನ್ನು ಬಹಳ ಕಲಕಿದ್ದು ಈ ಭಾಗವೇ. ಊರಿನ ಹಂಬಲ ಪುಟ ಪುಟದಲ್ಲಿ ಹೆಚ್ಚುತ್ತ ಹೋಗುತ್ತದೆ. ಕೊನೆಗೆ ದಾಭೋಳ ಬಂದರಿನಿಂದ ಹಡಗು ಹತ್ತಿದ. ಊರು ಮಾತ್ರ ಸಿಗಲಿಲ್ಲ, ದಾರಿಯಲ್ಲಿ ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ.

ಸಾಲ ಅವನನ್ನು ಮನೆಗೆ ಹೋಗದಂತೆ ತಡೆದಿರಬಹುದು. ಆದರೆ ಬೀದರಿನವರೆಗೆ ಕರೆತಂದಿದ್ದು ಸಾಲವೊಂದೇ ಅಂತ ನನಗೆ ಅನ್ನಿಸುವುದಿಲ್ಲ. ವ್ಯಾಪಾರ ಗಿಟ್ಟುವುದಿಲ್ಲ ಅಂತ ಗೊತ್ತಾದ ಮೇಲೂ ನೋಡುತ್ತಲೇ ಇದ್ದ, ಬರೆಯುತ್ತಲೇ ಇದ್ದ. ನೀವು ಹೇಳುವ ಹುಚ್ಚು ಅದೇ, ಅಲ್ವಾ? ಆ ಹುಚ್ಚಿನ ಒಳಗೇ ಮನೆಯ ಹಂಬಲವೂ ಇತ್ತು. ಇವೆರಡೂ ಒಂದಕ್ಕೊಂದು ವೈರಿ ಅಂತ ಮನೆಯವರು ತಿಳಿಯುತ್ತಾರೆ. ಹಾಗೇನಿಲ್ಲ. ನಿಮ್ಮನ್ನು ನೀವೇ ಒಂದು ಮಾತು ಕೇಳಿಕೊಳ್ಳಿ: ಹೊರಡುವಾಗ ಖುಷಿ ಆಗುವಂತೆ, ವಾಪಸ್ ಬರುವ ದಿನ ಮನೆಯ ಬಾಗಿಲು ನೆನಪಾಗುತ್ತದೆಯೇ? ಹೌದು ಅಂತಾದರೆ ನೀವು ಆರಾಮಾಗಿದ್ದೀರಿ. ಪ್ರತಿ ಸಲ ಜಗಳವಾದ ಮೇಲೇ, ಅಥವಾ ಆಫೀಸಿನಲ್ಲಿ ಅವಮಾನವಾದ ಮೇಲೇ ಹೋಗಬೇಕು ಅನ್ನಿಸುತ್ತಿದ್ದರೆ ಮಾತ್ರ ಅದು ಬೇರೆ ವಿಷಯ. ಆಗ ಟಿಕೆಟ್ ತೆಗೆಯುವ ಮೊದಲು ಆ ಜಗಳವನ್ನು ನೋಡಬೇಕು.

ಈಗ ಹೇಗೆ ಹೊರಡುವುದು ಅನ್ನುವುದು. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಸುಮಾರು 1,500 ಜನರನ್ನು ಕೇಳಿ ಒಂದು ಅಧ್ಯಯನ ಮಾಡಿದರು. ರಜೆಗೆ ಹೋಗುವವರು ಹೊರಡುವ ಮೊದಲೇ ಹೆಚ್ಚು ಖುಷಿಯಾಗಿರುತ್ತಾರೆ. ಬಂದ ಮೇಲೆ ಹೆಚ್ಚಿನವರಲ್ಲಿ, ಹೋಗದವರಿಗೂ ಹೋದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಖುಷಿ ಉಳಿದದ್ದು ನಿಜವಾಗಿ ಆರಾಮಾಗಿ ಕಳೆದವರಲ್ಲಿ. ಸಾಲ ಮಾಡಿ, ಮೂರು ದಿನದಲ್ಲಿ ಏಳು ಜಾಗ ಸುತ್ತಿ, ಫೋಟೋ ತೆಗೆದು ಸುಸ್ತಾಗಿ ಬರುವ ಪ್ಯಾಕೇಜ್ ಪ್ರವಾಸದ ಬಗ್ಗೆ ನನಗೆ ಮೊದಲಿಂದಲೂ ಒಲವಿಲ್ಲ. ವರ್ಷಕ್ಕೊಂದು ದೊಡ್ಡ ಪ್ರವಾಸಕ್ಕೆ ಕಾಯುವ ಬದಲು, ಧನಗರರಂತೆ ನಿಮ್ಮದೇ ಒಂದು ಸುತ್ತು ಕಟ್ಟಿಕೊಳ್ಳಿ. ಹತ್ತಿರದ್ದು, ಕಾಲ್ನಡಿಗೆ ಇರುವಂಥದ್ದು, ಕಾಲಕಾಲಕ್ಕೆ ಮತ್ತೆ ಮತ್ತೆ ಹೋಗುವಂಥದ್ದು.

ಚಳಿಗಾಲಕ್ಕೆ ಭಿಗವಣ ಹೇಳಿದೆ. ಮಳೆ ನಿಂತ ಮೇಲೆ ಜುನ್ನರಿನಿಂದ ನಾಣೇಘಾಟಿಗೆ ಹೋಗಿ. ಕಲ್ಯಾಣದ ಕಡೆಯಿಂದ ದಖ್ಖನಿಗೆ ಸರಕು ಹತ್ತುತ್ತಿದ್ದ ಹಳೆಯ ಕಣಿವೆ ದಾರಿ, ಎರಡು ಸಾವಿರ ವರ್ಷದಷ್ಟು ಹಳೆಯದು. ಮೇಲೆ ಕಲ್ಲಿನ ದೊಡ್ಡ ಹಂಡೆಯೊಂದಿದೆ, ಸುಂಕದ ನಾಣ್ಯ ಅದರಲ್ಲಿ ಹಾಕುತ್ತಿದ್ದರು ಅಂತ ಜನ ಹೇಳುತ್ತಾರೆ. ಪಕ್ಕದ ಗುಹೆಯ ಗೋಡೆ ತುಂಬ ಶಾತವಾಹನರ ಕಾಲದ ಬ್ರಾಹ್ಮಿ ಶಾಸನ. ಸ್ವಲ್ಪ ಕೆಳಗಿಳಿದು ಆ ಇಕ್ಕಟ್ಟಿನಲ್ಲಿ ಕಲ್ಲಿನ ಮೇಲೆ ಕೂತುಕೊಳ್ಳಿ. ಕೆಳಗಿಂದ ಗಾಳಿ ನುಗ್ಗಿ ಬರುತ್ತದೆ, ಟೋಪಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಎತ್ತು, ಕತ್ತೆ, ಕೂಲಿಯವರು, ಸನ್ಯಾಸಿಗಳು ಎಷ್ಟೋ ತಲೆಮಾರು ಹತ್ತಿ ಬಂದ ದಾರಿ ಅದು. ನನಗೆ ಅಲ್ಲಿ ಕೂತಾಗ ಸಿಗುವ ಸಮಾಧಾನ ಬೇರೆಲ್ಲೂ ಸಿಕ್ಕಿಲ್ಲ. ಜೋರು ಮಳೆಯಲ್ಲಿ ಮಾತ್ರ ಇಳಿಯಬೇಡಿ, ಕಲ್ಲು ಪಾಚಿಗಟ್ಟಿ ಜಾರುತ್ತದೆ.

ಅತ್ತೆಯವರ ಮಾತಿಗೆ ನನ್ನ ಹತ್ತಿರ ಒಂದೇ ಉತ್ತರ ಇದೆ, ಅದು ವಾರಿ, ಅಂದರೆ ಪಂಢರಪುರದ ಪಾದಯಾತ್ರೆ. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ ಹೊರಟು ಪುಣೆಯಲ್ಲಿ ತಂಗುತ್ತವೆ. ಅಲ್ಲಿಂದ ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರ. ಸುಮಾರು 250 ಕಿ.ಮೀ., ಹತ್ತಿರ ಹತ್ತಿರ ಮೂರು ವಾರದ ನಡಿಗೆ. ನಮ್ಮ ಕರ್ನಾಟಕದಿಂದಲೂ ಎಷ್ಟೋ ಜನ ವಿಠ್ಠಲನಿಗಾಗಿ ನಡೆದೇ ಬರುತ್ತಾರೆ. ಅದರಲ್ಲಿ ಹೆಣ್ಣುಮಕ್ಕಳನ್ನು ನೋಡಬೇಕು. ತಲೆ ಮೇಲೆ ತುಳಸಿ ಕಟ್ಟೆ, ಕಾಲಲ್ಲಿ ಸವೆದ ಚಪ್ಪಲಿ. ಮನೆ, ದನ, ಹೊಲ ಎಲ್ಲ ಬೇರೆಯವರಿಗೆ ಒಪ್ಪಿಸಿ ಬಂದವರು. ಅರವತ್ತು ದಾಟಿದವರೂ ನನಗಿಂತ ಬಿರುಸಾಗಿ ಘಟ್ಟ ಹತ್ತುತ್ತಾರೆ. ಪಂಢರಪುರ ಅವರಿಗೆ ತವರು. ತವರಿಗೆ ಹೋಗುವವಳನ್ನು ಯಾರು ತಡೆಯುತ್ತಾರೆ? ಅಲೆಯುವ ಆಸೆ ಭಕ್ತಿಯ ಜೊತೆ ಬೆರೆತಾಗ ಹಳ್ಳಿಯ ಅತ್ತೆಯಂದಿರೇ ಸೊಸೆಯ ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ಇದು ಬಹಳ ದೊಡ್ಡ ಮಾತು ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ಬರುವ ಆಷಾಢದಲ್ಲಿ ಅತ್ತೆಯವರನ್ನೇ ಕರೆದುಕೊಂಡು ಒಂದು ದಿನ ಹೊರಡಿ. ಜ್ಞಾನೇಶ್ವರರ ಪಾಲಖಿ ಪುಣೆಯಿಂದ ಸಾಸವಡಕ್ಕೆ ಹೋಗುವ ದಿನ ಆಗಬಹುದು. ಆ ದಿನದ ದಾರಿ ಸುಮಾರು 30 ಕಿ.ಮೀ., ನಡುವೆ ದಿವೇ ಘಾಟಿನ ಏರು ಇದೆ. ಪೂರ್ತಿ ನಡೆಯುವುದು ಅವರಿಗೆ ಕಷ್ಟ ಅನ್ನಿಸಿದರೆ ಹಡಪಸರದವರೆಗೆ ಜೊತೆಗೆ ನಡೆದು ಅವರನ್ನು ಮನೆಗೆ ಕಳುಹಿಸಿ, ನೀವು ಮುಂದುವರಿಯಿರಿ. ಬೆಳಗಿನ ಜಾವವೇ ಹೊರಡಬೇಕು. ರೇನ್‌ಕೋಟ್ ಇರಲಿ, ಹೊಸ ಶೂ ಹಾಕಬೇಡಿ, ಪಳಗಿದ ಚಪ್ಪಲಿಯೇ ಒಳ್ಳೆಯದು. ಊಟ ತಿಂಡಿಯ ಚಿಂತೆ ಬೇಡ, ದಾರಿಯುದ್ದಕ್ಕೂ ಜನ ಕರೆದು ಕೊಡುತ್ತಾರೆ. ಘಾಟಿನಲ್ಲಿ ಆ ದಿನ ವಾಹನ ಬಿಡುವುದಿಲ್ಲ, ಸಾಸವಡದಿಂದ ವಾಪಸ್ ಬರುವುದು ಹೇಗೆ ಅಂತ ಮೊದಲೇ ವಿಚಾರಿಸಿಕೊಳ್ಳಿ.