ಸಂಕದ ಹತ್ತಿರ ಬಂದರೆ ಕಾಲೇ ಏಳಲ್ಲ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆಪ್ತಸಲಹೆಗೆಂದು ನನ್ನ ಹತ್ತಿರ ಬಂದ ಈ ಮಹಿಳೆ ತೀರ್ಥಹಳ್ಳಿ ಕಡೆಯವರು, ವಯಸ್ಸು ನಲವತ್ತೈದರ ಮೇಲೆ. ಹೋದ ಮಳೆಗಾಲದಲ್ಲಿ ತೋಟದ ದಾರಿಯ ಸಂಕದಿಂದ (ಹಳ್ಳ ದಾಟಲು ಹಾಕಿದ ಕಿರಿದಾದ ಕಾಲುಸೇತುವೆ) ಜಾರಿ ಹಳ್ಳಕ್ಕೆ ಬಿದ್ದಿದ್ದರು. ಮಂಡಿ ತರಚಿದ್ದು ಬಿಟ್ಟರೆ ಪೆಟ್ಟಿಲ್ಲ. ಆದರೂ ಆಮೇಲೆ ಸಂಕ ಕಂಡರೆ ಸಾಕು, ನಿಂತಲ್ಲೇ ನಿಲ್ಲುತ್ತಿದ್ದರು.

"ಮನೇಲಿ ನಾಟಕ ಅಂತಾರೆ. ಕಾಲು ಕೇಳೋದೇ ಇಲ್ಲ, ಎಂತ ಮಾಡ್ಲಿ ಮೇಡಂ?"

ಕಿವಿ, ಬಿಪಿ, ನರ ಎಲ್ಲವನ್ನೂ ಡಾಕ್ಟರಿಗೆ ಮೊದಲೇ ತೋರಿಸಿದ್ದರು. ತೊಂದರೆ ಇರಲಿಲ್ಲ.

ಅಡಿಕೆ ಸುಲಿಯುವುದು ಹೇಗೆ, ತೋರಿಸಿ ಅಕ್ಕ ಅಂದೆ. ನಗುತ್ತಾ ಇಲ್ಲದ ಮೆಟ್ಟುಗತ್ತಿಯನ್ನು ಕಾಲಡಿ ಒತ್ತಿ ಹಿಡಿದರು. ಕೈ ಸರಸರ ಓಡಿತು, ಬಾಯಿ ಮಗಳ ಮದುವೆ ಸುದ್ದಿ ಹೇಳುತ್ತಿತ್ತು. ಈಗ ಕೈಯನ್ನೇ ನೋಡುತ್ತಾ, ಒಂದೊಂದೇ ಹೇಳಿಕೊಂಡು ಮಾಡಿ ಅಂದೆ. ಎರಡನೇ ಕಾಯಿಗೇ ಬೆರಳು ತಡವರಿಸಿತು. "ಅಯ್ಯೋ, ಕೊಯ್ಕೊಳ್ತಿದ್ದೆ!"

ಸಂಕದಲ್ಲಿ ಆಗುವುದೂ ಇದೇ. ರೂಢಿಯಾದ ಕೆಲಸವನ್ನು ಮೆದುಳಿನ ಒಳಗಿನ ಬೇಸಲ್ ಗ್ಯಾಂಗ್ಲಿಯಾ ಮತ್ತು ಹಿಂದಲೆಯ ಕಿರುಮೆದುಳು ನಮ್ಮನ್ನು ಕೇಳದೆ ನಡೆಸಿಕೊಂಡು ಹೋಗುತ್ತವೆ. ಕಿರುಮೆದುಳು ಗಾತ್ರದಲ್ಲಿ ಇಡೀ ಮೆದುಳಿನ ಸುಮಾರು ಶೇ. 10, ಆದರೆ ಅರ್ಧಕ್ಕಿಂತ ಜಾಸ್ತಿ ನರಕೋಶಗಳು ಅಲ್ಲೇ ಇವೆ. ಮೈ ವಾಲಿದರೆ ತಕ್ಷಣ ಸರಿಮಾಡುವುದರಲ್ಲಿ ಅದರ ಪಾಲು ದೊಡ್ಡದು. ಬಿದ್ದ ಜಾಗವನ್ನು ಮೆದುಳಿನ ಇನ್ನೊಂದು ಭಾಗವಾದ ಹಿಪ್ಪೋಕ್ಯಾಂಪಸ್ ನೆನಪಿಟ್ಟಿರುತ್ತದೆ. ಅಪಾಯ ಗುರುತಿಸುವ, ಬಾದಾಮಿ ಆಕಾರದ ಅಮಿಗ್ಡಲ ಅಲ್ಲಿ ಕೂಗು ಹಾಕುತ್ತದೆ, ಮೈ ಗಟ್ಟಿಯಾಗುತ್ತದೆ. ಆಗ ಹಣೆಯ ಹಿಂದಿರುವ ಮೆದುಳಿನ ಮುಂಭಾಗ "ಈಗ ಎಲ್ಲಿಡಲಿ, ಜಾರುತ್ತಾ" ಅಂತ ಒಂದೊಂದು ಹೆಜ್ಜೆಗೂ ಲೆಕ್ಕ ಕೇಳುತ್ತದೆ. ಕಾಲು ಸುಮ್ನೆ ನಡೆಯುವುದಾದರೂ ಹೇಗೆ? ನಾಟಕ ಅನ್ನುವ ಮಾತು ಆ ಗಾಬರಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದನ್ನು ಗಂಡನನ್ನೂ ಕರೆಸಿ ಹೇಳಿದೆ.

ತಪ್ಪು ನನ್ನದೂ ಇದೆ. ಮೊದಲ ವಾರವೇ ಸಂಕದ ಮೇಲೆ ಎರಡು ಹೆಜ್ಜೆ ಇಡಿ ಅಂದುಬಿಟ್ಟೆ. ಅಳುತ್ತಾ ವಾಪಸ್ ಬಂದರು.

ಆಮೇಲೆ ಅಂಗಳದಲ್ಲೇ ಅಡಿಕೆ ಮರ ಸೀಳಿದ ದಬ್ಬೆ ಹಾಸಿಸಿದೆ. ದಿನಾ ಹತ್ತು ಸಲ ಅದರ ಮೇಲೆ ನಡೆಯಬೇಕು, ಭಜನೆ ಹೇಳುತ್ತಾ. ಕಣ್ಣು ಪಾದದ ಮೇಲಲ್ಲ, ಆಚೆ ತುದಿಯ ಮೇಲೆ. ಉಸಿರು ನಿಧಾನವಾಗಿ, ಉದ್ದಕ್ಕೆ ಬಿಡಬೇಕು. ಅದು ಸಲೀಸಾದ ಮೇಲೆ, ಮಳೆ ಬಿಟ್ಟ ದಿನ ನೋಡಿ ಸಂಕ. ಗಂಡ ಆಚೆ ದಡದಲ್ಲಿ ನಿಲ್ಲಬೇಕು, ಕೈ ಹಿಡಿಯಬಾರದು. ಹಿಡಿದುಕೊಳ್ಳಲು ಬಿದಿರು ಕಟ್ಟಿಸಿ ಅಂತಲೂ ಹೇಳಿದೆ, ಅದು ಮೊದಲೇ ಇರಬೇಕಿತ್ತು ಅಲ್ವಾ.

ದೀಪಾವಳಿ ಕಳೆದು ಬಂದಾಗ, "ನಡುವೆ ಒಂದ್ಸಲ ನಿಂತೆ, ತಿರುಗಿ ಬರ್ಲಿಲ್ಲ" ಅಂದರು. ಹಳ್ಳ ಏರಿ ಸಂಕಕ್ಕೆ ನೀರು ತಾಗಿದ ದಿನ ಮಾತ್ರ ದಾಟಲೇಬೇಡಿ ಎಂದು ಹೇಳಿ ಕಳಿಸಿದೆ.