ಅಂಕಿಯ ಹಿಂದಿನ ಮೂಲ

ಭಟ್ಕಳದ ಸೋದರಿಯೊಬ್ಬರ ಪತ್ರ: ‘ಐಸ್‌ಕ್ರೀಮ್ ಡಬ್ಬಿಯ ಮೇಲೆ 407, 412, 415 ಎಂದಿತ್ತು. ಇಂಥ ಅಂಕಿಗಳೆಲ್ಲ ಹರಾಮ್ ಎಂಬ ಸಂದೇಶ ಮೊಬೈಲ್‌ಗೆ ಬಂದಿತ್ತು. ಡಬ್ಬಿಯನ್ನೇ ಎಸೆದೆ. ಮಾಡಿದ್ದು ಸರಿಯೇ?’

ಎಸೆಯಬಾರದಿತ್ತು, ಸೋದರಿ. ಅವು ಆಹಾರಕ್ಕೆ ಬೆರೆಸುವ ವಸ್ತುಗಳ ಸಂಕೇತಸಂಖ್ಯೆಗಳು. 412 ಎಂದರೆ ಗೌರ್ ಗಮ್, ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದ ಪುಡಿ. 407 ಕಡಲಪಾಚಿಯದು. 415 ಅನ್ನು ಸಕ್ಕರೆಯ ದ್ರಾವಣದಲ್ಲಿ ಸೂಕ್ಷ್ಮಜೀವಿ ಬೆಳೆಸಿ ಪಡೆಯುತ್ತಾರೆ. ರಂಜಾನಿನಲ್ಲಿ ಹಾಲಿನೊಂದಿಗೆ ಕುದಿಸಿ ತಟ್ಟೆಗೆ ಸುರಿಯುವ ಚೈನಾ ಗ್ರಾಸ್ ಕೂಡ ಕಡಲಪಾಚಿಯೇ. ಅದರ ಅಂಕಿ 406. ಸತ್ತ ಪ್ರಾಣಿ, ರಕ್ತ, ಹಂದಿಮಾಂಸಗಳನ್ನು ನಿಷೇಧಿಸುವ ಕುರ್‌ಆನಿನ ಸೂರಾ ಮಾಇದವೇ 87ನೇ ವಚನದಲ್ಲಿ, ಅಲ್ಲಾಹನು ಹಲಾಲ್ ಮಾಡಿದ್ದನ್ನು ಹರಾಮ್ ಮಾಡಿಕೊಳ್ಳಬೇಡಿ ಎನ್ನುತ್ತದೆ. ಸಂದೇಶ ಹರಡುವವರು ಅಲ್ಲಿಯವರೆಗೆ ಓದುವುದೇ ಇಲ್ಲ.

ನಿಜವಾದ ಪ್ರಶ್ನೆ ಜೆಲ್ಲಿಯಂಥ ತಿನಿಸಿಗೆ ಹಾಕುವ, ಪ್ರಾಣಿಮೂಲದ ಜೆಲಾಟಿನ್‌ನದು. ಮೂಲವಸ್ತು ಪೂರ್ತಿ ಮಾರ್ಪಟ್ಟರೆ ವಿಧಿಯೂ ಬದಲಾಗುತ್ತದೆ ಎಂಬುದು ಇಸ್ತಿಹಾಲಾದ ವಾದ. ಮದ್ಯ ವಿನೆಗರ್ ಆದಂತೆ. 1995ರಲ್ಲಿ ಕುವೈತ್‌ನ ಇಸ್ಲಾಮಿಕ್ ವೈದ್ಯವಿಜ್ಞಾನ ಸಂಘಟನೆಯ ಗೋಷ್ಠಿ ಇದೇ ಆಧಾರದ ಮೇಲೆ ಜೆಲಾಟಿನ್‌ಗೆ ಅನುಮತಿ ನೀಡಿತು. ಆ ವಿದ್ವಾಂಸರ ಬಗ್ಗೆ ನನಗೆ ಗೌರವವಿದೆ. ಆದರೆ ಸುನ್ನಿಗಳ ನಾಲ್ಕು ಧರ್ಮಶಾಸ್ತ್ರ ಪಂಥಗಳಲ್ಲಿ ಒಂದಾದ ಶಾಫಿಈ ಪಂಥದವರು ಇಸ್ತಿಹಾಲಾವನ್ನು ಇಷ್ಟು ದೂರ ಎಳೆಯುವುದಿಲ್ಲ. ನಿಮ್ಮೂರಿನ ನವಾಯತರು, ಮಂಗಳೂರಿನ ಬ್ಯಾರಿಗಳು ಆ ಪಂಥದವರೇ. ನನ್ನ ಮನಸ್ಸೂ ಅವರ ಕಡೆಗಿದೆ. ಚರ್ಮ, ಮೂಳೆಗಳನ್ನು ಆಮ್ಲದಲ್ಲೋ ಸುಣ್ಣದಲ್ಲೋ ನೆನೆಹಾಕಿ, ಬಿಸಿನೀರಿನಲ್ಲಿ ರಸ ಬಿಡಿಸಿದರೆ ಜೆಲಾಟಿನ್. ಅದು ಹಂದಿಯದೋ ದನದ್ದೋ ಎಂಬುದನ್ನು ಪ್ರಯೋಗಾಲಯದವರು ಆಮೇಲೂ ಪತ್ತೆಹಚ್ಚುತ್ತಾರೆ. ಗುರುತೇ ಅಳಿಯದಿರುವಾಗ ವಸ್ತು ಬದಲಾಯಿತೆಂದು ಹೇಗೆ ಒಪ್ಪಲಿ? ದನದ್ದೇ ಆದರೂ ಜಬೀಹಾ ಆಗಿತ್ತೇ, ಅಂದರೆ ಇಸ್ಲಾಮಿನ ವಿಧಿಯಂತೆ ಕೊಯ್ದದ್ದೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ನಮ್ಮ ದೇಶದಲ್ಲಿ ಹಸಿರು ಚುಕ್ಕೆಯ ಪೊಟ್ಟಣದಲ್ಲಿ ಜೆಲಾಟಿನ್ ಇರುವಂತಿಲ್ಲ. ಅಷ್ಟರಮಟ್ಟಿಗೆ ನಿಶ್ಚಿಂತೆ. ಆ ಚುಕ್ಕೆ ಇಲ್ಲದಲ್ಲಿ ‘ಜೆಲಾಟಿನ್, ಪ್ರಾಣಿಮೂಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಯಾವ ಪ್ರಾಣಿ? ಹಣ ಕೊಟ್ಟು ಕೊಳ್ಳುವವರಿಗೆ ಇಷ್ಟು ತಿಳಿಯುವ ಹಕ್ಕಿಲ್ಲವೇ? ಹಸು ಬೇಡವೆನ್ನುವ ಹಿಂದೂ ಸೋದರರೂ ಇದನ್ನೇ ಕೇಳಬೇಕಾಗಿದೆ. ಭಾಷೆಯ ಅನ್ಯಾಯ ಬೇರೆ: ಕೇಂದ್ರದ ಆಹಾರ ನಿಯಮದ ಪ್ರಕಾರ ವಿವರ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿದ್ದರೆ ಸಾಕು. ಮೊನ್ನೆ ನಮ್ಮ ಬೀದಿಯ ಅಂಗಡಿಯಲ್ಲಿ ಅಜ್ಜಿಯೊಬ್ಬರು ಜೆಲ್ಲಿಯ ಪೊಟ್ಟಣವನ್ನು ಕಣ್ಣಿನ ಹತ್ತಿರ, ದೂರ ಹಿಡಿದು ನೋಡಿ, ಓದಿ ಹೇಳೆಂದು ಅಂಗಡಿಯ ಹುಡುಗನಿಗೆ ಕೊಟ್ಟರು. ಸಾಸಿವೆ ಕಾಳಿಗಿಂತ ಚಿಕ್ಕ ಆ ಅಕ್ಷರಗಳನ್ನು ಓದಲು ಅವನಿಂದಲೂ ಆಗಲಿಲ್ಲ. ಮೊಮ್ಮಗನ ಕೈಗೆ ಏನು ಕೊಡುತ್ತಿದ್ದೇನೆಂದು ಆ ತಾಯಿಗೆ ಅವಳ ಊರಿನಲ್ಲೇ, ಅವಳ ಭಾಷೆಯಲ್ಲೇ ಗೊತ್ತಾಗದಿದ್ದರೆ ಕಾನೂನು ಇರುವುದು ಯಾರಿಗಾಗಿ?

ನಿಮ್ಮ ಎಚ್ಚರ ನನಗೆ ಇಷ್ಟವಾಯಿತು, ಸೋದರಿ. ಇನ್ನು ಮುಂದೆ ಎಸೆಯುವ ಮೊದಲು ಡಬ್ಬಿಯ ಮೇಲಿನ ವಿಳಾಸಕ್ಕೆ ಬರೆದು ಮೂಲವನ್ನು ಕೇಳಿ. ಅವರ ಉತ್ತರವನ್ನು ನಮಗೂ ಕಳುಹಿಸಿ, ಪ್ರಕಟಿಸುತ್ತೇವೆ.

– ಸಂ.